ವಿಕ್ಟೋರಿಯಾ ಗಾಡಿಯಲ್ಲಿ ಒಂದು ಯುಗಳಗೀತೆ

ಮುಂಬಯಿಯ ಚರ್ಚ್‌ಗೇಟ್ ನಿಲ್ದಾಣದಿಂದ ಹೊರಬಿದ್ದು ಪಶ್ಚಿಮ ದಿಕ್ಕಿಗೆ ನಾಲ್ಕಾರು ನಿಮಿಷ ನಡೆದ ಪ್ರವಾಸಿಗನಿಗೆ, ಕಟ್ಟಡಗಳ ಸಾಲು ಥಟ್ಟನೆ ಮುಗಿದು, ಅರಬ್ಬೀ ಸಮುದ್ರ ಎದುರಾಗುತ್ತದೆ. ಎಡಗಡೆ ನರೀಮನ್ ಪಾಯಿಂಟಿನ ಗಗನಚುಂಬಿಗಳು. ಬಲಗಡೆ ದೂರದಲ್ಲಿ ಚೌಪಾಟಿಯ ಮರಳು, ಅದರಾಚೆ ಮಲಬಾರ್ ಗುಡ್ಡದ ಹಸುರು. ಇವೆರಡರ ನಡುವೆ ಎಳೆದ ಬಿಲ್ಲಿನಂತೆ ಬಾಗಿಕೊಂಡು ಮೂರೂವರೆ ಕಿಲೋಮೀಟರಿನಷ್ಟು ಉದ್ದಕ್ಕೆ ಮರೀನ್ ಡ್ರೈವ್ ಸಾಗಿದೆ. ಸಂಜೆಯಾಯಿತೆಂದರೆ ಕಡಲಂಚಿನ ಕಟ್ಟೆಯ ಮೇಲೆ ಜನ ಬಂದು ಸಾಲಾಗಿ ಕೂಡುತ್ತಾರೆ. ಕಚೇರಿಯಿಂದ ನೇರವಾಗಿ ಬಂದವರು, ಊರಿನ ನೆಂಟರಿಗೆ ಕಡಲು ತೋರಿಸಲು ಬಂದವರು, ಒಂದೇ ಕೋಣೆಯ ಮನೆಯಲ್ಲಿ ನಾಲ್ಕು ಮಾತಾಡಿಕೊಳ್ಳಲು ಮೂಲೆಯೊಂದು ದೊರೆಯದ ನವದಂಪತಿಗಳು—ಎಲ್ಲರಿಗೂ ಆ ಕಟ್ಟೆಯ ಮೇಲೆ ಎರಡು ಗೇಣು ಜಾಗವುಂಟು, ಅದಕ್ಕೆ ಬಾಡಿಗೆಯಿಲ್ಲ.

ಈ ರಸ್ತೆಯಲ್ಲಿ ಒಂದು ಕಾಲಕ್ಕೆ ವಿಕ್ಟೋರಿಯಾ ಗಾಡಿಗಳ ಕುದುರೆಗೊರಸಿನ ಸದ್ದು ದಿನವಿಡೀ ಕೇಳುತ್ತಿತ್ತು. 1956ರಲ್ಲಿ ತೆರೆ ಕಂಡ ‘ಸಿ.ಐ.ಡಿ.’ ಎಂಬ ಹಿಂದಿ ಚಿತ್ರದಲ್ಲಿ ಅಂತಹದೇ ಗಾಡಿಯೊಂದರಲ್ಲಿ ಹಾಸ್ಯನಟ ಜಾನಿ ವಾಕರ್ ಮತ್ತು ನಟಿ ಕುಂಕುಂ ಸವಾರಿ ಹೊರಡುತ್ತಾರೆ. ಅವರ ಬಾಯಿಗೆ ಮಹಮ್ಮದ್ ರಫಿ ಮತ್ತು ಗೀತಾ ದತ್ತರ ಕಂಠ, ಓ.ಪಿ. ನಯ್ಯರ್ ಅವರ ಸ್ವರಸಂಯೋಜನೆ. ಮಜರೂಹ್ ಸುಲ್ತಾನ್‌ಪುರಿಯವರ ಸಾಹಿತ್ಯ. ‘ಬಾಂಬೇ ಮೇರಿ ಜಾನ್’ ಎಂದು ಜನ ತಮ್ಮಷ್ಟಕ್ಕೆ ಹೆಸರಿಟ್ಟುಕೊಂಡಿರುವ ಆ ಹಾಡು ಮುಂಬಯಿಗೆ ಒಂದು ಬಗೆಯ ನಗರಗೀತೆಯಾಗಿಬಿಟ್ಟಿದೆ. ಯಾವ ನಗರಸಭೆಯೂ ಅದಕ್ಕೆ ಅಪ್ಪಣೆ ಕೊಡಲಿಲ್ಲ. ಕೇಳಿದ್ದರೆ ಕೊಡುತ್ತಲೂ ಇರಲಿಲ್ಲ. ಹಾಡಿನ ಮುಕ್ಕಾಲು ಪಾಲು ಊರಿನ ನಿಂದೆಯೇ ಆಗಿದೆ!

ನಿಂದೆಯೆಂದರೆ ಸಾಮಾನ್ಯ ನಿಂದೆಯಲ್ಲ. ಇಲ್ಲಿ ಬದುಕುವುದು ಕಷ್ಟ, ತುಸು ಸರಿದು ತುಸು ತಪ್ಪಿಸಿಕೊಂಡು ನಡೆ, ಎಂದು ಪಲ್ಲವಿಯಲ್ಲಿಯೇ ಎಚ್ಚರಿಕೆ. ಮೊದಲ ಚರಣದಲ್ಲಿ ಕವಿ ಗಿರಣಿ, ಮೋಟಾರು, ಟ್ರಾಮು, ಮಹಡಿಕಟ್ಟಡ ಎಲ್ಲವನ್ನೂ ಬೆರಳು ಮಡಿಸಿ ಎಣಿಸುತ್ತಾನೆ. ಎಲ್ಲವೂ ದೊರೆಯುವ ಈ ಊರಿನಲ್ಲಿ ಹೃದಯವೊಂದು ಮಾತ್ರ ದೊರೆಯದು ಎನ್ನುತ್ತಾನೆ. ಎರಡನೆಯ ಚರಣ ಜೂಜಿನದು, ಕಳ್ಳತನದ್ದು, ಕುದುರೆಜೂಜಿನದು. ಮೂರನೆಯದು ಎಲ್ಲಕ್ಕಿಂತ ಹರಿತ. ಮನೆಯಿಲ್ಲದವನನ್ನು ಪೋಲಿಯೆಂದು ನಗುವ ಜನ, ಪರರ ಕತ್ತು ಕೊಯ್ಯುವ ಕೆಲಸವನ್ನು ವ್ಯಾಪಾರವೆಂದು ಕರೆಯುತ್ತಾರಂತೆ. ಇಷ್ಟನ್ನೂ ಹಾಡುವ ಪಾತ್ರ ಯಾರೆಂದರೆ, ಕಥೆಯಲ್ಲಿ ಸ್ವತಃ ಒಬ್ಬ ಚಿಲ್ಲರೆ ಜೇಬುಗಳ್ಳ.

ಇಷ್ಟು ಕಹಿಯನ್ನು ಜನ ನಗುನಗುತ್ತ ನುಂಗಿದ್ದು ಹೇಗೆ? ಅದರ ಕೀಲಿ ರಾಗದಲ್ಲಿದೆ. ‘ಕ್ಲೆಮೆಂಟೈನ್’ ಎಂಬ ಹಳೆಯ ಅಮೆರಿಕನ್ ಜಾನಪದ ಗೀತೆಯ ಜಾಡು ಇದರಲ್ಲಿ ಸ್ಪಷ್ಟವಾಗಿ ಕೇಳಿಬರುತ್ತದೆ. ಚಿನ್ನವನ್ನರಸಿ ಕ್ಯಾಲಿಫೋರ್ನಿಯಾಕ್ಕೆ ಹೊರಟವರ ಕಾಲದ, ಗಣಿಗಾರನೊಬ್ಬನ ಮಗಳನ್ನು ಕುರಿತ ಹಾಡು ಅದು. ಎರವಲೆಂದು ಮೂಗು ಮುರಿಯುವವರು ಮುರಿಯಬಹುದು. ಆದರೆ ಚಿನ್ನವನ್ನರಸಿ ಬಂದವರಿಂದ ತುಂಬಿದ ಊರಿಗೆ ಆ ಧಾಟಿ ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂಬುದನ್ನೂ ಅವರು ಕಾಣಬೇಕು. ಮಗುವೂ ಒಮ್ಮೆ ಕೇಳಿ ಗುನುಗುಟ್ಟಬಲ್ಲ ಸರಳವಾದ ಏರಿಳಿತ. ಅದರಲ್ಲಿ ದುಃಖಕ್ಕೆ ಕೂಡಲು ಎಡೆಯೇ ಇಲ್ಲ. ಗಾಡಿ ಮುಂದೆ ಹೋಗುತ್ತಲೇ ಇರುತ್ತದೆ, ದೂರು ಹಿಂದೆ ಉಳಿಯುತ್ತಲೇ ಇರುತ್ತದೆ.

ನಯ್ಯರ್ ಅವರಿಗೆ ಕುದುರೆಯ ನಡಿಗೆಯ ತಾಳವೆಂದರೆ ಬಹು ಪ್ರೀತಿ. ಮರುವರ್ಷ ‘ನಯಾ ದೌರ್’ ಚಿತ್ರದಲ್ಲಿ ಟಾಂಗಾ ಹೂಡಿಯೇ ಅವರು ಒಂದು ಯುಗಳಗೀತೆಯನ್ನು ಓಡಿಸಿದರು. ಲಾಹೋರಿನಲ್ಲಿ ಹುಟ್ಟಿ ಬೆಳೆದ ಅವರಿಗೆ ಆ ಸದ್ದು ಬಾಲ್ಯದ ಸದ್ದೇ ಆಗಿದ್ದಿರಬೇಕು. ಲತಾ ಮಂಗೇಶ್ಕರರಿಂದ ಒಂದು ಹಾಡನ್ನೂ ಹಾಡಿಸದೆ, ಹಿಂದಿ ಚಿತ್ರರಂಗದ ಮೊದಲ ಸಾಲಿನಲ್ಲಿ ನಿಂತ ಹಟವಾದಿ ಸಂಗೀತ ನಿರ್ದೇಶಕರು ಅವರು. ಅವರ ವಾದ್ಯಮೇಳವನ್ನು ಅಣಿಗೊಳಿಸಿ ಸ್ವರಲಿಪಿ ಬರೆದುಕೊಡುತ್ತಿದ್ದವರು ಗೋವೆಯ ಸೆಬಾಸ್ಟಿಯನ್ ಡಿಸೋಜ. ಆ ಕಾಲದ ಚಿತ್ರಸಂಗೀತದಲ್ಲಿ ಪಿಟೀಲು, ತುತ್ತೂರಿ, ಸ್ಯಾಕ್ಸೊಫೋನ್ ನುಡಿಸಿದವರಲ್ಲಿ ಬಹುಮಂದಿ ಗೋವೆಯವರೇ. ಮುಂಬಯಿಯ ಧೋಬಿ ತಲಾವ್ ಪ್ರದೇಶದಲ್ಲಿ ತಂತಮ್ಮ ಹಳ್ಳಿಯ ಹೆಸರಿನಲ್ಲಿ ನಡೆಸುತ್ತಿದ್ದ ‘ಕೂಡ್’ ಎಂಬ ವಸತಿಗೃಹಗಳಲ್ಲಿ ಹಾಸಿಗೆ ಬಿಡಿಸಿ, ಒಂದೇ ಟ್ರಂಕನ್ನು ಗೋಡೆಗೊತ್ತಿ ಇಟ್ಟುಕೊಂಡು ದಿನ ಕಳೆದ ಗೋವೆಯವರು ಎಷ್ಟೋ ಮಂದಿ. ಮರೀನ್ ಡ್ರೈವಿನಿಂದ ಅಲ್ಲಿಗೆ ನಡೆದೇ ಹೋಗಬಹುದು.

ಆಗಿನ ಧ್ವನಿಮುದ್ರಣದ ಕ್ರಮವೂ ಹಾಡಿನ ಗುಣಕ್ಕೆ ಕಾರಣವಾಗಿದೆ. ಗಾಯಕರು, ವಾದ್ಯದವರು ಎಲ್ಲರೂ ಒಟ್ಟಿಗೆ ನಿಂತು ಒಂದೇ ಉಸಿರಿನಲ್ಲಿ ಮುಗಿಸಬೇಕಾಗಿತ್ತು. ತುಂಡು ತುಂಡಾಗಿ ಹಾಡಿ ಬಳಿಕ ಹೊಲಿಯುವ ಅನುಕೂಲವಿರಲಿಲ್ಲ; ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. ಗ್ರಾಮಫೋನ್ ತಟ್ಟೆಯ ಒಂದು ಪಕ್ಕದಲ್ಲಿ ಹಿಡಿಯುತ್ತಿದ್ದುದೇ ಮೂರು ಮೂರೂವರೆ ನಿಮಿಷ. ಅಷ್ಟರೊಳಗೆ ಒಂದು ಊರನ್ನೇ ಸುತ್ತಿ ಬರಬೇಕು.

ಇನ್ನು ಕಂಠಗಳ ಮಾತು. ರಫಿಯವರು ಯಾವ ನಟನಿಗೆ ಹಾಡುತ್ತಿದ್ದರೋ ಆ ನಟನ ಮುಖವನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಡುತ್ತಿದ್ದರೆಂಬುದು ಪ್ರಸಿದ್ಧವಾದ ಮಾತು. ಅದನ್ನು ಪರೀಕ್ಷಿಸಲು ಇದೇ ಚಿತ್ರದಲ್ಲಿ ಒಳ್ಳೆಯ ಅವಕಾಶವಿದೆ. ‘ಆಂಖೋ ಹಿ ಆಂಖೋ ಮೇಂ’ ಎಂಬ ಇನ್ನೊಂದು ಯುಗಳಗೀತೆಯನ್ನೂ ರಫಿ-ಗೀತಾ ಜೋಡಿಯೇ ಹಾಡಿದೆ. ಅದು ನಾಯಕ ದೇವ್ ಆನಂದ್ ಮತ್ತು ಶಕೀಲಾರಿಗಾಗಿ. ಎರಡನ್ನೂ ಒಂದಾದ ಮೇಲೊಂದು ಕೇಳಿದ ರಸಿಕನಿಗೆ ಅಚ್ಚರಿಯಾಗುತ್ತದೆ. ಅಲ್ಲಿ ರಫಿಯವರ ದನಿ ಮೃದು, ಗುಂಡಗೆ, ಅಂಗಿಯ ಗುಂಡಿ ಹಾಕಿಕೊಂಡ ಯುವಕನ ದನಿ. ಇಲ್ಲಿ ಅದೇ ದನಿ ಟೋಪಿಯನ್ನು ವಾರೆಯಾಗಿಟ್ಟುಕೊಂಡಿದೆ. ಮೂಗಿನ ಕಡೆಗೆ ಕೂದಲೆಳೆಯಷ್ಟು ಸರಿದು, ಮಾತಿಗೂ ಹಾಡಿಗೂ ನಡುವಿನ ಗೆರೆಯ ಮೇಲೆ ನಡೆಯುತ್ತದೆ. ಸಾಲಿನ ಕೊನೆಯ ಅಕ್ಷರವನ್ನು ಎಳೆದು, ಎಳೆಯಬೇಕಾದುದಕ್ಕಿಂತ ಒಂದು ಕ್ಷಣ ಮೊದಲೇ ಕೈಬಿಡುತ್ತದೆ. ಬಾಯಿ ಬಿಟ್ಟು ನಗುವುದಿಲ್ಲ, ಆದರೂ ನಗು ಕೇಳಿಸುತ್ತದೆ. ಹಾಸ್ಯಗೀತೆಯೆಂದೊಡನೆ ಸ್ವರವನ್ನು ವಕ್ರಗೊಳಿಸಿ ಕಿರುಚುವ ಗಾಯಕರು ಎಲ್ಲ ಭಾಷೆಗಳಲ್ಲಿಯೂ ಉಂಟು. ರಫಿ ಶ್ರುತಿಯನ್ನು ಕಿಂಚಿತ್ತೂ ಕೆಡಿಸದೆ ಮುಖವನ್ನಷ್ಟೇ ಬದಲಿಸಿಕೊಂಡರು. ಮೂರನೆಯ ಚರಣದಲ್ಲಿ ಕತ್ತು ಕೊಯ್ಯುವವರ ಮಾತು ಬಂದಾಗಲೂ ಅವರು ದನಿಯೇರಿಸುವುದಿಲ್ಲ. ಬೀದಿಯಲ್ಲಿ ಬೆಳೆದವನಿಗೆ ಅದು ದಿನನಿತ್ಯದ ಸುದ್ದಿ, ಅವನು ಅದಕ್ಕಾಗಿ ದನಿ ಏರಿಸಲಾರ ಎಂಬ ಪಾತ್ರಜ್ಞಾನ ಅದು.

ಆದರೆ ಯುಗಳಗೀತೆಯೆಂದ ಮೇಲೆ ಹೆಣ್ಣುದನಿ ಎಲ್ಲಿ? ಹೊಸದಾಗಿ ಕೇಳುವವರು ಮೂರು ಚರಣಗಳವರೆಗೆ ಕಾಯಬೇಕು. ಪಕ್ಕದಲ್ಲಿ ಕುಳಿತ ಹುಡುಗಿ ಅಷ್ಟು ಹೊತ್ತೂ ಈ ಮಹಾನುಭಾವನ ದೂರುಗಳನ್ನು ಕೇಳಿಕೊಂಡಿದ್ದಾಳೆ. ನಾಲ್ಕನೆಯ ಚರಣದಲ್ಲಿ ಗೀತಾ ದತ್ತ ಬಾಯಿ ತೆರೆಯುತ್ತಾರೆ. ಹಾಡು ಅಲ್ಲಿಗೆ ತಲೆಕೆಳಗಾಗುತ್ತದೆ. ಲೋಕವನ್ನು ಕೆಟ್ಟದ್ದೆನ್ನುವಷ್ಟು ಮುಗ್ಧನಾಗಬೇಡ, ಮಾಡಿದವನು ಉಣ್ಣುತ್ತಾನೆ, ಇಲ್ಲಿ ಯಾರ ದಾದಾಗಿರಿಯೂ ನಡೆಯದು ಎಂದು ಆಕೆ ಹೇಳುತ್ತಾಳೆ. ಪಲ್ಲವಿಗೆ ಮರಳಿದಾಗ ‘ಕಷ್ಟ’ವಿದ್ದ ಸ್ಥಳದಲ್ಲಿ ‘ಸುಲಭ’ವನ್ನು ಕೂರಿಸಿಬಿಡುತ್ತಾಳೆ. ಧಾಟಿ ಅದೇ, ತಾಳ ಅದೇ, ಊರೂ ಅದೇ. ಬದಲಾದದ್ದು ಒಂದು ಪದ. ಅವಳ ಚರಣಕ್ಕೆ ಮರುಚರಣ ಬರೆಯಲು ಕವಿ ಹೋಗಲಿಲ್ಲ.

ಗೀತಾ ದತ್ತರಲ್ಲದೆ ಬೇರೆ ಯಾರು ಹಾಡಿದ್ದರೂ ಆ ಚರಣ ನೀತಿಬೋಧೆಯಾಗುವ ಅಪಾಯವಿತ್ತು. ಆಕೆಯ ದನಿಯಲ್ಲಿ ಬುದ್ಧಿಮಾತೂ ಸರಸದಂತೆ ಕೇಳುತ್ತದೆ. 1947ರಲ್ಲಿ ‘ದೋ ಭಾಯಿ’ಯ ವಿರಹಗೀತೆಯಿಂದ ಹೆಸರಾದ ಆಕೆಗೆ, 1951ರ ‘ಬಾಜಿ’ ಚಿತ್ರದ ಬಳಿಕ ಪಾಶ್ಚಾತ್ಯ ಲಯದ ಹಾಡುಗಳ ಬಾಗಿಲು ತೆರೆಯಿತು. ಭಜನೆಯ ಆರ್ದ್ರತೆಯೂ ನೃತ್ಯಗೃಹದ ತುಂಟತನವೂ ಒಂದೇ ಗಂಟಲಲ್ಲಿ ನೆಲಸಿದ್ದು ವಿರಳ. ಗಂಡಸಿನ ‘ಸರಿದು ನಡೆ’ ಎಂಬ ಎಚ್ಚರಿಕೆಯ ಜಾಗದಲ್ಲಿ ಆಕೆ ‘ಮಿಸ್ಟರ್’ ಎಂದೂ ‘ಬಂಧು’ ಎಂದೂ ಅವನನ್ನು ಕರೆಯುತ್ತಾಳೆ. ಬಂಗಾಳದಲ್ಲಿ ಬಂಧುವೆಂದರೆ ಸ್ನೇಹಿತ. ಕನ್ನಡಿಗರಿಗೆ ಬಂಧುವೆಂದರೆ ನೆಂಟ. ಮುಂಬಯಿ ಅಪರಿಚಿತನನ್ನು ಇವೆರಡರಲ್ಲಿ ಯಾವುದಾಗಿ ಕಾಣುತ್ತದೆಂಬುದು ಅಲ್ಲಿ ಹೋಗಿ ನೆಲಸಿದವರ ಅನುಭವಕ್ಕೆ ಬಿಟ್ಟ ಮಾತು.

ನೆಲಸಿದವರೆಂದಾಗ ಒಂದು ಕೌತುಕದ ಸಂಗತಿ ಎದುರು ನಿಲ್ಲುತ್ತದೆ. ಮುಂಬಯಿಯ ನಾಡಿ ಹಿಡಿದ ಈ ಹಾಡನ್ನು ಕಟ್ಟಿದ ಮುಖ್ಯರಲ್ಲಿ ಒಬ್ಬರೂ ಮುಂಬಯಿಯಲ್ಲಿ ಹುಟ್ಟಿದವರಲ್ಲ. ರಫಿ ಅಮೃತಸರದ ಬಳಿಯ ಕೋಟ್ಲಾ ಸುಲ್ತಾನ್ ಸಿಂಗ್ ಎಂಬ ಹಳ್ಳಿಯವರು. ನಯ್ಯರ್ ಲಾಹೋರಿನವರು, ದೇಶ ಒಡೆದ ಬಳಿಕ ಹುಟ್ಟೂರು ಪರದೇಶವಾಯಿತು. ಗೀತಾ ಹುಟ್ಟಿದ್ದು ಪೂರ್ವ ಬಂಗಾಳದ ಫರೀದ್‌ಪುರದಲ್ಲಿ, ಅದೂ ಇಂದು ಬೇರೆ ದೇಶ. ಕುಂಕುಂ ಬಿಹಾರದಿಂದ ಬಂದವರು. ಮಜರೂಹ್ ಉತ್ತರ ಪ್ರದೇಶದ ಸುಲ್ತಾನ್‌ಪುರದ ಹೆಸರನ್ನು ಕಾವ್ಯನಾಮದೊಡನೆ ಹೊತ್ತುಕೊಂಡೇ ಬಂದರು. ಸರ್ಕಾರವನ್ನು ಟೀಕಿಸಿದ ಕವಿತೆಗಾಗಿ ಈ ಊರಿನಲ್ಲಿಯೇ ಸೆರೆವಾಸವನ್ನೂ ಕಂಡರು. ಮೂರನೆಯ ಚರಣದ ಹರಿತ ಎಲ್ಲಿಂದ ಬಂದಿತೆಂದು ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿಲ್ಲ.

ಜಾನಿ ವಾಕರ್ ಅವರದಂತೂ ಕಥೆಯೊಳಗಿನ ಕಥೆ. ಇಂದೂರಿನಿಂದ ಬಂದ ಬದ್ರುದ್ದೀನ್ ಜಮಾಲುದ್ದೀನ್ ಕಾಜಿ ಮುಂಬಯಿಯ ಬೆಸ್ಟ್ ಬಸ್ಸುಗಳಲ್ಲಿ ಕಂಡಕ್ಟರಾಗಿದ್ದರು. ನಿಲ್ದಾಣಗಳ ಹೆಸರನ್ನು ಬಗೆಬಗೆಯಾಗಿ ಕೂಗಿ ಪ್ರಯಾಣಿಕರನ್ನು ನಗಿಸುತ್ತಿದ್ದ ಈ ಯುವಕನನ್ನು ನಟ ಬಲರಾಜ್ ಸಾಹನಿ ಗುರುತಿಸಿ ಗುರುದತ್ತರ ಬಳಿ ಕಳುಹಿಸಿದರು. ಕುಡುಕನಂತೆ ತೂರಾಡುತ್ತ ಗುರುದತ್ತರ ಕಚೇರಿಗೆ ನುಗ್ಗಿ, ಅದು ನಟನೆಯೆಂದು ತಿಳಿದಾಗ ಅವರನ್ನು ಬೆರಗುಗೊಳಿಸಿ ಕೆಲಸ ಗಿಟ್ಟಿಸಿದ ಮಾತು ಚಿತ್ರರಂಗದಲ್ಲಿ ದಂತಕಥೆಯಾಗಿದೆ. ಮದ್ಯದ ಹೆಸರನ್ನೇ ಬಿರುದಾಗಿ ಪಡೆದ ಆತ ಮದ್ಯ ಮುಟ್ಟಿದವರಲ್ಲ. ಮುಟ್ಟಬೇಕೆಂದರೂ ಆಗ ಮುಂಬಯಿಯಲ್ಲಿ ಪಾನನಿರೋಧ. ಗಾಡಿಯಲ್ಲಿ ಕುಳಿತು ಬೀದಿಗಳತ್ತ ಕೈಚಾಚಿ ಹಾಡುವಾಗ ಆತನ ಮುಖದಲ್ಲಿ ಕಾಣುವ ಸಲಿಗೆ ಅಭಿನಯ ಮಾತ್ರವಲ್ಲ. ಈ ಊರಿನಲ್ಲಿ ಟಿಕೆಟ್ ಹರಿದುಕೊಡುತ್ತ ಓಡಾಡಿದ ಮನುಷ್ಯ ಆತ.

ಚಿತ್ರದ ನಿರ್ಮಾಪಕ ಗುರುದತ್ತರು ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರ ಜುಲೈ 9ರಂದು. ಪಡುಕೋಣೆ ಮನೆತನದ ಅವರ ತಾಯಿ ವಾಸಂತಿಯವರು ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು. ಗೀತಾ ರಾಯ್ ಅವರನ್ನು ಗುರುದತ್ತರು ಮದುವೆಯಾದದ್ದು 1953ರಲ್ಲಿ. ನಿರ್ದೇಶನದ ಭಾರವನ್ನು ಈ ಸಲ ಶಿಷ್ಯ ರಾಜ್ ಖೋಸ್ಲಾರಿಗೆ ಒಪ್ಪಿಸಿದ್ದರು. ಗಾಯಕನಾಗಬೇಕೆಂದು ಆಸೆಪಟ್ಟಿದ್ದ ರಾಜ್ ಖೋಸ್ಲಾ ಹಾಡಿನ ದೃಶ್ಯಗಳನ್ನು ಚಿತ್ರಿಸುವುದರಲ್ಲಿ ಎತ್ತಿದ ಕೈ. ವಹೀದಾ ರೆಹಮಾನ್ ಹಿಂದಿ ತೆರೆಯ ಮೇಲೆ ಮೊದಲು ಕಾಣಿಸಿಕೊಂಡದ್ದೂ ಇದೇ ಚಿತ್ರದಲ್ಲಿ.

ಆ ವರ್ಷ ಕನ್ನಡಿಗರಿಗೆ ಇನ್ನೊಂದು ಕಾರಣಕ್ಕಾಗಿಯೂ ನೆನಪಿರತಕ್ಕದ್ದು. 1956ರ ನವೆಂಬರ್ 1ರವರೆಗೆ ಧಾರವಾಡ, ಬಿಜಾಪುರ, ಬೆಳಗಾವಿ, ಕಾರವಾರದ ಜನರಿಗೆ ಮುಂಬಯಿಯೇ ರಾಜಧಾನಿ. ಅಂದಿಗೆ ಆ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ರಾಜಧಾನಿ ಬದಲಾಯಿತೆಂದು ಅನ್ನದ ದಾರಿ ಬದಲಾಗಲಿಲ್ಲ. ದಕ್ಷಿಣ ಕನ್ನಡದ ಹುಡುಗರು ಹಗಲು ಹೋಟೆಲಿನಲ್ಲಿ ಬಟ್ಟಲು ತೊಳೆದು, ಇರುಳು ರಾತ್ರಿಶಾಲೆಯಲ್ಲಿ ಕಾಗುಣಿತ ತಿದ್ದಿ, ಕಡೆಗೆ ತಾವೇ ಹೋಟೆಲು ತೆರೆದ ಊರು ಅದು. ಮಾಟುಂಗಾದಲ್ಲಿ 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು. ಅದೇ ಬಡಾವಣೆಯ ರೈಲು ನಿಲ್ದಾಣದ ಬಳಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಯೆಲೆ 1942ರಿಂದ ಹಾಸಿಕೊಂಡು ಬಂದಿದೆ. ಗೀತಾ ರಾಯ್ ಬಾಲಕಿಯಾಗಿ ಮುಂಬಯಿಗೆ ಬಂದು ದಾದರಿನಲ್ಲಿ ಬಾಡಿಗೆ ಮನೆ ಹಿಡಿದದ್ದೂ ಆ ವರ್ಷದ ಸುಮಾರಿಗೇ. ದಾದರಿಗೂ ಮಾಟುಂಗಾಕ್ಕೂ ನಡುವೆ ಇರುವುದು ರೈಲಿನ ಒಂದೇ ನಿಲ್ದಾಣದ ಅಂತರ. ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಹೇಳಿದ ಮುಂಬಯಿಯೂ ಒಂದು ಬಗೆಯಲ್ಲಿ ಮಜರೂಹರ ಮೂರನೆಯ ಚರಣದ ಮುಂಬಯಿಯೇ. ಅಲ್ಲಿ ನಗು ಮಾತ್ರ ಕಡಮೆ.

ಊರಿನಲ್ಲಿ ಉಳಿದವರಿಗೆ ಈ ಹಾಡು ಮುಟ್ಟಿದ್ದು ಹೆಚ್ಚಾಗಿ ರೇಡಿಯೋ ಸಿಲೋನಿನಿಂದ. 1952ರ ಬಳಿಕ ಆಕಾಶವಾಣಿ ಚಿತ್ರಗೀತೆಗಳಿಗೆ ಮುಖ ತಿರುಗಿಸಿತ್ತು. 1957ರ ಅಕ್ಟೋಬರಿನಲ್ಲಿ ವಿವಿಧಭಾರತಿ ಆರಂಭವಾಗುವವರೆಗೂ ದೇಶದ ಹಾಡನ್ನು ದೇಶದವರು ಕೊಲಂಬೋದಿಂದ ಕೇಳಬೇಕಾದ ವಿಚಿತ್ರ ಪರಿಸ್ಥಿತಿ. ಮುಂಬಯಿಯಲ್ಲಿ ಮಗನೋ ಅಣ್ಣನೋ ಇದ್ದ ಮನೆಯಲ್ಲಿ ಆ ಪಲ್ಲವಿ ಬಂದಾಗ, ಹಿಂದಿ ಅರ್ಥವಾಗದ ಅಜ್ಜಿಯೂ ಊರಿನ ಹೆಸರೊಂದನ್ನು ಹಿಡಿದು ಕಿವಿ ನಿಮಿರಿಸುತ್ತಿದ್ದಳು.

ಹಾಡಿನಲ್ಲಿ ಎಣಿಸಿದ ವಸ್ತುಗಳನ್ನು ಹುಡುಕಿಕೊಂಡು ಇಂದು ಹೊರಡುವ ಪ್ರವಾಸಿಗನ ಪಾಡು ಬೇರೆ. 1874ರಲ್ಲಿ ಕುದುರೆಗಳಿಂದ ಎಳೆಯಿಸಿಕೊಂಡು ಆರಂಭವಾಗಿ, 1907ರಲ್ಲಿ ವಿದ್ಯುತ್ತಿಗೆ ತಿರುಗಿದ ಟ್ರಾಮು 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಸಲ ಓಡಿತು. ಬೀಳ್ಕೊಡಲು ಬೀದಿಯ ಎರಡೂ ಪಕ್ಕದಲ್ಲಿ ಜನ ಕಿಕ್ಕಿರಿದಿದ್ದರು. ಫ್ಲೋರಾ ಫೌಂಟನ್ ಕಾರಂಜಿಯ ಜೀರ್ಣೋದ್ಧಾರಕ್ಕಾಗಿ 2018ರ ಸುಮಾರಿಗೆ ನೆಲ ಅಗೆದಾಗ ಹಳೆಯ ಹಳಿಗಳು ಕಣ್ಣು ಬಿಟ್ಟವು. ಗಿರಣಿಗಳ ಕಥೆ ಇನ್ನೂ ದಾರುಣ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ಅನೇಕ ಗಿರಣಿಗಳ ಕೊಳವೆ ಮತ್ತೆ ಹೊಗೆಯುಗುಳಲಿಲ್ಲ. ಪರೇಲಿನ ಫೀನಿಕ್ಸ್ ಗಿರಣಿಯ ಅಂಗಳದಲ್ಲಿ ಇಂದು ಹವಾನಿಯಂತ್ರಿತ ಅಂಗಡಿಗಳ ಸಂಕೀರ್ಣವಿದೆ, ಹಳೆಯ ಚಿಮಣಿ ಅಲಂಕಾರವಾಗಿ ನಿಂತಿದೆ. ಮೂರನೆಯ ಚರಣವನ್ನು ನೆನೆಯದೆ ಅದರ ಕೆಳಗೆ ಹಾದು ಹೋಗುವುದು ಕಷ್ಟ.

ವಿಕ್ಟೋರಿಯಾ ಗಾಡಿಗಳೂ ಹೋದವು. ಕುದುರೆಗಳ ದುಃಸ್ಥಿತಿಯನ್ನು ಕಂಡು ಮುಂಬಯಿ ಉಚ್ಚ ನ್ಯಾಯಾಲಯ 2015ರಲ್ಲಿ ಅವುಗಳನ್ನು ಕಾನೂನಿಗೆ ವಿರುದ್ಧವೆಂದು ಸಾರಿ, ಒಂದು ವರ್ಷದೊಳಗೆ ನಿಲ್ಲಿಸಬೇಕೆಂದು ವಿಧಿಸಿತು. ಕುದುರೆಗಳ ಎಲುಬು ಕಂಡವರು ಆ ತೀರ್ಪನ್ನು ತಪ್ಪೆನ್ನಲಾರರು. ಗಾಡಿ ನಂಬಿದ ಕುಟುಂಬಗಳನ್ನು ಕಂಡವರು ಸಂತೋಷಪಡಲೂ ಆರರು. ಊರಿನ ಹೆಸರು 1995ರಲ್ಲಿ ಅಧಿಕೃತವಾಗಿ ಮುಂಬಯಿ ಆಯಿತು. ಹಾಡಿನಲ್ಲಿ ಬದಲಾಯಿಸಲು ಸಾಧ್ಯವಿರಲಿಲ್ಲ.

ಉಳಿದದ್ದು ಪಲ್ಲವಿಯ ಕೊನೆಯ ಮಾತು. ಅದನ್ನು ಗಮನಿಸಿ ಕೇಳಿದರೆ, ಕವಿ ಅಲ್ಲಿ ಪ್ರೇಮವನ್ನು ಸಾರಿಲ್ಲ. ‘ಎಲೈ ಜೀವವೇ, ಇದು ಮುಂಬಯಿ’ ಎಂದು ಹೊಸಬನ ಭುಜ ತಟ್ಟಿ ಎಚ್ಚರಿಸಿದ್ದಾನೆ. ‘ಜಾನ್’ ಎಂಬುದು ಕೇಳುವವನನ್ನು ಕರೆದ ಪದ, ಊರನ್ನಲ್ಲ. ಊರಿನವರು ಕಾಲಕ್ರಮದಲ್ಲಿ ನಡುವಿನ ಅಲ್ಪವಿರಾಮವನ್ನು ಅಳಿಸಿಹಾಕಿ, ‘ಮುಂಬಯಿಯೇ ನನ್ನ ಪ್ರಾಣ’ ಎಂದು ಓದಿಕೊಂಡರು. ಅಂಗಿಗಳ ಮೇಲೆ, ಅಂಗಡಿಗಳ ಮೇಲೆ ಹಾಗೆಯೇ ಬರೆಸಿದರು. ವ್ಯಾಕರಣ ಬಲ್ಲವರು ತಿದ್ದಹೋದರೆ ಕೇಳುವವರಿಲ್ಲ. ಮೂರು ಚರಣದ ದೂರನ್ನೆಲ್ಲ ಕೇಳಿದ ಮೇಲೆ ಅವರು ಆರಿಸಿಕೊಂಡದ್ದು ಗೀತಾ ದತ್ತರ ನಾಲ್ಕನೆಯ ಚರಣವನ್ನು.

ಗೀತಾ 1972ರಲ್ಲಿ, ರಫಿ 1980ರಲ್ಲಿ, ಮಜರೂಹ್ 2000ದಲ್ಲಿ, ಜಾನಿ ವಾಕರ್ 2003ರಲ್ಲಿ, ನಯ್ಯರ್ 2007ರಲ್ಲಿ, ಕುಂಕುಂ 2020ರಲ್ಲಿ ಮುಂಬಯಿಯಲ್ಲೋ ಅದರ ಆಸುಪಾಸಿನಲ್ಲೋ ತೀರಿಕೊಂಡರು. ಬಂದವರಲ್ಲಿ ಯಾರೂ ಮರಳಿ ಹೋಗಲಿಲ್ಲ. ಮರೀನ್ ಡ್ರೈವಿನ ಕಟ್ಟೆಯ ಮೇಲೆ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುವ ಹೊತ್ತಿಗೆ, ಚರ್ಚ್‌ಗೇಟಿನಿಂದ ಬೋರಿವಲಿಗೆ ಹೊರಡುವ ಲೋಕಲ್ ಗಾಡಿಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಆದರೂ ಬಾಗಿಲಲ್ಲಿ ನಿಂತವರು ಕೈಚಾಚಿ, ಓಡಿಬರುತ್ತಿರುವ ಇನ್ನೊಬ್ಬನನ್ನು ಮೇಲಕ್ಕೆಳೆದುಕೊಳ್ಳುತ್ತಾರೆ.